ತಾರೀಖಿಲ್ಲದ ಅಳತೆ: ಬರ್ಲಿನ್ನಿನಲ್ಲಿ ಕಳೆದ ಒಂದು ಸೆಮಿಸ್ಟರ್

(ದಕ್ಷಿಣ ಕನ್ನಡದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಿವಿಲ್ ವಿಭಾಗದ ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ವೇದಿಕೆಯ ಮೇಲಿರುವ ನನ್ನ ಗುರುಗಳಿಗೆ ವಂದನೆಗಳು. ಕಿರಿಯ ಗೆಳೆಯ ಗೆಳತಿಯರಿಗೆ ನಮಸ್ಕಾರ.

ನೀವು ಈಗ ಕುಳಿತಿರುವ ಬೆಂಚುಗಳಲ್ಲೇ ಕುಳಿತು ಓದಿದ ನಾನು, ಎಂಟನೆಯ ಸೆಮಿಸ್ಟರಿನ ಇಂಟರ್ನ್‌ಶಿಪ್ಪನ್ನು 2025ರ ಫೆಬ್ರವರಿಯಿಂದ ಜುಲೈವರೆಗೆ ಜರ್ಮನಿಯ ಬರ್ಲಿನ್ ನಗರದಲ್ಲಿ ಮುಗಿಸಿ ಬಂದೆ. ಮಳೆನೀರಿನ ನಿರ್ವಹಣೆಗೆ ಯೋಜನೆಗಳನ್ನು ಸಿದ್ಧಪಡಿಸುವ, ಹದಿನಾಲ್ಕು ಜನರ ಒಂದು ಚಿಕ್ಕ ಎಂಜಿನಿಯರಿಂಗ್ ಸಂಸ್ಥೆಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಆ ಆರು ತಿಂಗಳಲ್ಲಿ ನಾನು ಕಲಿತದ್ದರಲ್ಲಿ ಮುಖ್ಯವಾದುದೆಲ್ಲ ಒಂದು ತಪ್ಪಿನಿಂದ ಶುರುವಾಯಿತು. ಇಂದು ನಿಮ್ಮ ಮುಂದೆ ಇಡಬೇಕೆಂದಿರುವುದು ಆ ತಪ್ಪನ್ನೇ. ಆದರೆ ಅದು ಏಕೆ ಅಷ್ಟು ದೊಡ್ಡದಾಯಿತು ಎಂಬುದು ತಿಳಿಯಬೇಕಾದರೆ ಆ ಊರಿನ ನೀರಿನ ವಿಚಾರ ಸ್ವಲ್ಪ ತಿಳಿದಿರಬೇಕು.

ಅದಕ್ಕೂ ಮೊದಲು, ನಿಮ್ಮಲ್ಲಿ ಅನೇಕರು ಕೇಳಲೆಂದೇ ಬಂದಿರುವ ಖರ್ಚು ಮತ್ತು ಕಾಗದಪತ್ರಗಳ ಮಾತನ್ನು ಬೇಗ ಮುಗಿಸುತ್ತೇನೆ. ಪಠ್ಯಕ್ರಮದಲ್ಲಿ ಕಡ್ಡಾಯವಾಗಿರುವ ಇಂಟರ್ನ್‌ಶಿಪ್ಪಿಗೆ ಜರ್ಮನಿಯ ಕನಿಷ್ಠ ವೇತನದ ಕಾನೂನು ಅನ್ವಯಿಸುವುದಿಲ್ಲ; 2015ರಲ್ಲಿ ಜಾರಿಗೆ ಬಂದ ಆ ಕಾನೂನಿನಲ್ಲೇ ಈ ವಿನಾಯಿತಿ ಇದೆ. ಆದ್ದರಿಂದ ಬರುವ ಭತ್ಯೆಯಲ್ಲೇ ಬದುಕಬಹುದು ಎಂಬ ಲೆಕ್ಕ ಹಾಕಿಕೊಂಡು ಹೊರಡಬೇಡಿ. ಕೋಣೆಗೆ ಮೂರು ತಿಂಗಳ ಬಾಡಿಗೆಯಷ್ಟು ಮುಂಗಡ ಕೇಳಲು ಕಾನೂನಿನ ಅವಕಾಶವಿದೆ, ಮತ್ತು ಸಾಮಾನ್ಯವಾಗಿ ಕೇಳುತ್ತಾರೆ. ದೇಶದ ಎಲ್ಲ ನಗರ ಸಾರಿಗೆಗೂ ಸ್ಥಳೀಯ ರೈಲುಗಳಿಗೂ ಸಲ್ಲುವ ತಿಂಗಳ ಪಾಸಿಗೆ ಆಗ 58 ಯೂರೋ ಇತ್ತು. ಹೊಸ ಮನೆಗೆ ಹೋದ ಎರಡು ವಾರದೊಳಗೆ ಪೌರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ಪತ್ರ ಬೇಕು. ನೋಂದಣಿಯಾದ ಮೇಲೆಯೇ ತೆರಿಗೆಯ ಗುರುತಿನ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ನನಗೆ ಮೊದಲು ಕೋಣೆ ಕೊಟ್ಟವರು ಆ ಪತ್ರ ಕೊಡಲು ಒಪ್ಪಲಿಲ್ಲ. ಐದು ವಾರ ನಾನು ಕಾಗದದ ಮೇಲೆ ಆ ಊರಿನಲ್ಲಿ ಇರಲೇ ಇಲ್ಲ. ಹಣ ಕೊಡುವ ಮೊದಲು ಪತ್ರ ಕೊಡುತ್ತೀರಾ ಎಂದು ಬರಹದಲ್ಲೇ ಕೇಳಿಕೊಳ್ಳಿ.

ಈ ಎಲ್ಲ ಖರ್ಚು ನಡೆದದ್ದು ಅಪ್ಪ ಎರಡು ವರ್ಷ ಅಡಿಕೆ ಮಾರಿ ಕೂಡಿಟ್ಟ ಹಣದಿಂದ. ನನಗಿಂತ ಚೆನ್ನಾಗಿ ಓದುತ್ತಿದ್ದ ನನ್ನ ಸಹಪಾಠಿ ಒಬ್ಬಳಿಗೆ ಅಂತಹ ಅನುಕೂಲ ಇಲ್ಲದ ಕಾರಣ ಅವಳು ಅರ್ಜಿಯನ್ನೇ ಹಾಕಲಿಲ್ಲ. ಇದು ನನಗೆ ಸರಿಯೆನಿಸುವುದಿಲ್ಲ. ವಿದೇಶದ ಸೆಮಿಸ್ಟರನ್ನು ಯೋಗ್ಯತೆಯ ಗುರುತಾಗಿ ನೋಡುವ ಅಭ್ಯಾಸ ನಮ್ಮಲ್ಲಿ ಬೆಳೆಯುತ್ತಿದೆ. ಅದು ಬಹುಮಟ್ಟಿಗೆ ಮನೆಯ ಆದಾಯದ ಗುರುತು ಎಂಬುದನ್ನು ಹೋಗಿ ಬಂದವರೇ ಹೇಳಬೇಕು.

ಇನ್ನು ನೀರಿನ ವಿಷಯ. ಬರ್ಲಿನ್ನಿನಲ್ಲಿ ವರ್ಷದ ಸರಾಸರಿ ಮಳೆ 600 ಮಿಲಿಮೀಟರ್ ಕೂಡ ಇಲ್ಲ. ನಮ್ಮ ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಸುರಿಯುತ್ತದೆ. ಇಷ್ಟು ಕಡಿಮೆ ಮಳೆಗೆ ಇಷ್ಟು ಜನ ಎಂಜಿನಿಯರುಗಳು ಏಕೆ ಎಂದು ಮೊದಲ ವಾರದಲ್ಲಿ ನನಗೆ ಅನಿಸಿದ್ದು ನಿಜ. ಉತ್ತರ ನೆಲದೊಳಗೆ ಇತ್ತು. ಸುಮಾರು 37 ಲಕ್ಷ ಜನರ ಆ ನಗರ ತನ್ನ ಕುಡಿಯುವ ನೀರನ್ನು ದೂರದ ನದಿಯಿಂದ ತರುವುದಿಲ್ಲ, ಅಂತರ್ಜಲವನ್ನೇ ಎತ್ತುತ್ತದೆ. ಸ್ಪ್ರೇ ಮತ್ತು ಹಾವೆಲ್ ನದಿಗಳ, ಕೆರೆಗಳ ದಡದಲ್ಲಿ ಕೊರೆದ ಬಾವಿಗಳಿಂದ ನೀರು ಎತ್ತಿದಾಗ ನದಿಯ ನೀರು ದಡದ ಮರಳಿನ ಮೂಲಕ ಸೋಸಿಕೊಂಡು ನಿಧಾನವಾಗಿ ಬಾವಿಗೆ ಬರುತ್ತದೆ. ಆ ಸೋಸುವಿಕೆ ಎಷ್ಟು ಚೆನ್ನಾಗಿದೆಯೆಂದರೆ, ಸಾಮಾನ್ಯ ದಿನಗಳಲ್ಲಿ ನಲ್ಲಿಯ ನೀರಿಗೆ ಕ್ಲೋರಿನ್ ಕೂಡ ಬೆರೆಸುವುದಿಲ್ಲ. ಎಂದರೆ, ನಗರ ತನ್ನ ನದಿಗೆ ಏನನ್ನು ಬಿಡುತ್ತದೆಯೋ ಅದು ಒಂದಲ್ಲ ಒಂದು ದಿನ ಅದರದೇ ಲೋಟಕ್ಕೆ ಮರಳುವ ದಾರಿಯಲ್ಲಿರುತ್ತದೆ.

ಇದರ ಜೊತೆಗೆ ಇನ್ನೊಂದು ಸಂಗತಿ ಸೇರುತ್ತದೆ. ನಗರದ ಹಳೆಯ ಒಳಭಾಗದಲ್ಲಿ ಮನೆಗಳ ಹೊಲಸು ನೀರಿಗೂ ರಸ್ತೆಯ ಮಳೆನೀರಿಗೂ ಒಂದೇ ಒಳಚರಂಡಿ. ಬಿಸಿಲುಗಾಲದ ಒಂದು ಸಂಜೆ ಬಿರುಮಳೆ ಬಂದರೆ ಕೊಳವೆ ತುಂಬಿ, ಎರಡೂ ಬೆರೆತ ನೀರು ಸ್ಪ್ರೇ ನದಿಗೂ ಲಾಂಡ್‌ವೇರ್ ಕಾಲುವೆಗೂ ಉಕ್ಕಿ ಹರಿಯುತ್ತದೆ. ನೀರಿನಲ್ಲಿ ಆಮ್ಲಜನಕ ಕುಸಿದು ಮೀನುಗಳು ಸಾಯುತ್ತವೆ. ಹಾಗಾಗಿ ಮಳೆನೀರು ಕೊಳವೆಗೆ ಇಳಿಯುವ ಮೊದಲೇ ಅದನ್ನು ಚಾವಣಿಯ ಮೇಲೆ, ಅಂಗಳದಲ್ಲಿ, ಮಣ್ಣಿನಲ್ಲಿ ತಡೆದು ನಿಲ್ಲಿಸುವುದೇ ಅಲ್ಲಿನ ಈಗಿನ ಯತ್ನ. ಪೋಟ್ಸ್‌ಡಾಮರ್ ಪ್ಲಾಟ್ಸ್ ಎಂಬ ಚೌಕದಲ್ಲಿ 1990ರ ದಶಕದಲ್ಲಿ ಕಟ್ಟಿದ ಕಟ್ಟಡಗಳ ಚಾವಣಿಯ ನೀರು ಕೊಳಗಳಿಗೂ ಶೌಚಾಲಯಗಳಿಗೂ ಹೋಗುತ್ತದೆ. ಅದಲ್ಲದೆ, 2000ದಿಂದ ಪ್ರತಿ ಆಸ್ತಿಯ ಮಾಲೀಕರು ಮಳೆನೀರಿಗೆ ಪ್ರತ್ಯೇಕ ಶುಲ್ಕ ಕೊಡಬೇಕು. ನೀರು ಇಂಗದಂತೆ ಮುಚ್ಚಿದ ನೆಲ ಎಷ್ಟು ಚದರ ಮೀಟರ್ ಇದೆಯೋ, ಚರಂಡಿಗೆ ನೀರು ಬಿಡುವ ಚಾವಣಿ ಎಷ್ಟಿದೆಯೋ, ಅದರ ಲೆಕ್ಕದಲ್ಲಿ. ಕಾಂಕ್ರೀಟು ಕಿತ್ತು ಮಣ್ಣು ತೆರೆದರೆ ಶುಲ್ಕ ಇಳಿಯುತ್ತದೆ. ಹೀಗಾಗಿ ಒಂದು ಅಂಗಳದ ವಿಸ್ತೀರ್ಣ ಎಂಬ ಸಣ್ಣ ಸಂಖ್ಯೆ ಅಲ್ಲಿ ಸಣ್ಣದಲ್ಲ.

ನನಗೆ ವಹಿಸಿದ್ದು ಆ ಸಂಖ್ಯೆಗಳನ್ನು ತರುವ ಕೆಲಸ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಟ್ಟಿದ, ಅಂಗಳದ ಹಿಂದೆ ಅಂಗಳ ಇರುವ ಬಾಡಿಗೆ ಮನೆಗಳ ಒಂದು ಕೇರಿ. ಹೆಂಚು, ತಾರು ಹಾಸಿದ ಚಾವಣಿ, ಕಲ್ಲುಹಾಸು, ಡಾಂಬರು, ಬರಿಯ ಮಣ್ಣು ಎಂದು ಒಂದೊಂದನ್ನೂ ಬೇರ್ಪಡಿಸಿ ಅಳೆದು, ಪ್ರತಿಯೊಂದಕ್ಕೂ ಹರಿವಿನ ಗುಣಾಂಕ ಹಚ್ಚಬೇಕು. ಬಿದ್ದ ಮಳೆಯಲ್ಲಿ ಎಷ್ಟು ಪಾಲು ಹರಿದು ಹೋಗುತ್ತದೆ ಎಂಬುದೇ ಆ ಗುಣಾಂಕ ಎಂದು ನೀವು ಜಲವಿಜ್ಞಾನದಲ್ಲಿ ಓದಿದ್ದೀರಿ. ಮಾರ್ಚ್ ತಿಂಗಳಲ್ಲಿ ಮೂರು ವಾರ ಟೇಪು ಹಿಡಿದು ಓಡಾಡಿದೆ. ಒಳಗೆ ಹೋಗಲು ಆಗದ ಕಡೆ ವೈಮಾನಿಕ ಚಿತ್ರದಿಂದ ಅಳೆದೆ. ನೂರಾರು ಸಾಲುಗಳ ಎಕ್ಸೆಲ್ ಹಾಳೆ ಸಿದ್ಧವಾಯಿತು. ಕೂಡಿಸಿ ಕಳೆದು ಎರಡು ಬಾರಿ ಪರೀಕ್ಷಿಸಿ ಕೊಟ್ಟೆ.

ನನ್ನ ಮಾರ್ಗದರ್ಶಕಿ ಅರವತ್ತರ ಸಮೀಪದ ಹಿರಿಯ ಎಂಜಿನಿಯರ್. ಅವರು ಒಂದು ಸಾಲಿನ ಮೇಲೆ ಬೆರಳಿಟ್ಟರು. ಮೂರನೆಯ ಅಂಗಳದ ಕಲ್ಲುಹಾಸು ನನ್ನ ಹಾಳೆಯಲ್ಲಿ 187 ಚದರ ಮೀಟರ್. ಕಚೇರಿಯಲ್ಲಿದ್ದ ಹಳೆಯ ನಕ್ಷೆಯಲ್ಲಿ 212. ಯಾವುದು ಸರಿ ಎಂದು ಅವರು ಕೇಳಲಿಲ್ಲ. ಯಾವ ದಿನ ಅಳೆದೆ, ಟೇಪಿನಿಂದಲೋ ಚಿತ್ರದಿಂದಲೋ, ಎಲ್ಲಿಂದ ಎಲ್ಲಿಗೆ, ಜೊತೆಗೆ ಯಾರಿದ್ದರು ಎಂದು ಕೇಳಿದರು. ನನಗೆ ಒಂದಕ್ಕೂ ಖಚಿತವಾದ ಉತ್ತರ ಹೇಳಲಾಗಲಿಲ್ಲ. ಹಾಳೆಯಲ್ಲಿ ಸಂಖ್ಯೆಗಳ ಹೊರತು ಏನೂ ಇರಲಿಲ್ಲ. ಅವರು ಧ್ವನಿ ಏರಿಸದೆ ಹೇಳಿದ ಮಾತು ಇಷ್ಟು: “ಇದು ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಇದು ಅಳತೆಯೂ ಅಲ್ಲ.” ಇಡೀ ಹಾಳೆಯನ್ನು ಬದಿಗಿಟ್ಟು ಮೊದಲಿನಿಂದ ಶುರು ಮಾಡಿದೆವು. ಈ ಬಾರಿ ಪ್ರತಿ ಸಾಲಿಗೂ ತಾರೀಖು, ಸಾಧನ, ಅಳೆದವರ ಹೆಸರು, ಆರಂಭದ ಗುರುತು.

ಎರಡನೆಯ ಬಾರಿ ಮೂರನೆಯ ಅಂಗಳಕ್ಕೆ ಹೋದಾಗ ಅಲ್ಲಿ ವಾಸಿಸುವ ಒಬ್ಬ ಅಜ್ಜಿ ಸಿಕ್ಕಿದರು. ಕೆಲವು ವರ್ಷಗಳ ಹಿಂದೆ ಮನೆಯವರೆಲ್ಲ ಸೇರಿ ಗೋಡೆಯ ಉದ್ದಕ್ಕೂ ಕಲ್ಲು ಎಬ್ಬಿಸಿ ಹೂವಿನ ಮಡಿ ಮಾಡಿದೆವು ಎಂದು ಅವರು ತೋರಿಸಿದರು. ಮಡಿಯನ್ನು ಅಳೆದೆ: ಹೆಚ್ಚು ಕಡಿಮೆ 25 ಚದರ ಮೀಟರ್. ಎಂದರೆ 212 ಕೂಡ ಸರಿ, 187 ಕೂಡ ಸರಿ. ತಾರೀಖು ಇಲ್ಲದಾಗ ಆ ಎರಡು ಸಂಖ್ಯೆಗಳು ಒಂದನ್ನೊಂದು ಸುಳ್ಳು ಮಾಡುತ್ತಿದ್ದವು; ತಾರೀಖು ಬಂದೊಡನೆ, ಒಂದು ಅಂಗಳದ ಜನ ಮಳೆಗೆ ಎಷ್ಟು ಜಾಗ ಬಿಟ್ಟುಕೊಟ್ಟರು ಎಂಬುದನ್ನು ಹೇಳತೊಡಗಿದವು. ಆ ಮಧ್ಯಾಹ್ನ ಅಂಗಳದ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತಿದ್ದೆ. ನಾಲ್ಕು ವರ್ಷ ಪ್ರಯೋಗಾಲಯದ ದಾಖಲೆ ಪುಸ್ತಕಗಳನ್ನು ನಾನು ಅಂಕಗಳಿಗಾಗಿ, ಪರೀಕ್ಷಕರು ನೋಡಲೆಂದು ಬರೆದಿದ್ದೆ. ಆ ಬರಹವನ್ನು ಮುಂದೆ ಯಾರೋ ನಂಬಿ ಕೆಲಸ ಮಾಡಬಹುದು ಎಂಬ ಯೋಚನೆ ಒಮ್ಮೆಯೂ ಬಂದಿರಲಿಲ್ಲ.

ಅಲ್ಲಿನವರಿಗೆ ಆ ಯೋಚನೆ ಏಕೆ ಸಹಜ ಎಂಬುದು ಮುಂದಿನ ವಾರಗಳಲ್ಲಿ ತಿಳಿಯಿತು. ನಮ್ಮ ಯೋಜನೆಯ ಕಡತದಲ್ಲಿ ಒಳಚರಂಡಿಯ ಹಳೆಯ ನಕ್ಷೆಯೊಂದರ ಪ್ರತಿ ಇತ್ತು. ಜೇಮ್ಸ್ ಹೋಬ್ರೆಕ್ಟ್ ಎಂಬ ಎಂಜಿನಿಯರ್ 1862ರಲ್ಲಿ ಬರ್ಲಿನ್ನಿನ ವಿಸ್ತರಣೆಯ ಯೋಜನೆ ಕೊಟ್ಟವರು. 1873ರಿಂದ ಅವರ ನೇತೃತ್ವದಲ್ಲೇ ಒಳಚರಂಡಿಯ ಕೆಲಸ ಶುರುವಾಯಿತು. ಕಾಲರಾ ಮರುಕಳಿಸುತ್ತಿದ್ದ ಆ ಕಾಲದಲ್ಲಿ ಇದಕ್ಕಾಗಿ ನಗರಸಭೆಯ ಒಳಗಿನಿಂದ ಪಟ್ಟು ಹಿಡಿದು ದುಡಿದವರು ವೈದ್ಯ ರುಡಾಲ್ಫ್ ವಿರ್ಕೋ. ಬರ್ಲಿನ್ನಿನ ನೆಲ ಚಪ್ಪಟೆ, ಇಳಿಜಾರು ಇಲ್ಲ. ಆದ್ದರಿಂದ ನಗರವನ್ನು ಹನ್ನೆರಡು ಭಾಗ ಮಾಡಿ, ಪ್ರತಿ ಭಾಗದ ಹೊಲಸು ನೀರನ್ನು ಅದರ ತಗ್ಗಿನಲ್ಲಿರುವ ಪಂಪುಮನೆಗೆ ಹರಿಸಿ, ಅಲ್ಲಿಂದ ಊರಾಚೆಯ ಹೊಲಗಳಿಗೆ ಒತ್ತಿ ಕಳಿಸುವ ವ್ಯವಸ್ಥೆ ಮಾಡಿದರು. ಇಟ್ಟಿಗೆಯ ಕಾಲುವೆಗಳನ್ನು ಮೊಟ್ಟೆಯ ಆಕಾರದಲ್ಲಿ, ಕಿರಿದಾದ ತುದಿ ಕೆಳಗೆ ಬರುವಂತೆ ಕಟ್ಟಿದರು. ನೀರು ಕಡಿಮೆ ಇದ್ದಾಗಲೂ ಕೆಳಗಿನ ಇಕ್ಕಟ್ಟಿನಲ್ಲಿ ಅದು ವೇಗವಾಗಿ ಹರಿದು ಕೊಳೆಯನ್ನು ತಳದಲ್ಲಿ ನಿಲ್ಲಗೊಡುವುದಿಲ್ಲ. ಹೋಬ್ರೆಕ್ಟ್ ಮತ್ತು ವಿರ್ಕೋ ಇಬ್ಬರೂ 1902ರ ಸೆಪ್ಟೆಂಬರಿನಲ್ಲಿ, ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಆ ಕಾಲದ ಕಾಲುವೆಗಳಲ್ಲಿ ಅನೇಕವು ಇಂದಿಗೂ ಹರಿಯುತ್ತಿವೆ. ಆ ನಕ್ಷೆಯಲ್ಲಿ ಯಾರೋ ಶಾಯಿಯಿಂದ ಬರೆದ ತಳಮಟ್ಟದ ಅಂಕಿಗಳನ್ನು ನಾವು ಇಂದಿನ ಲೇಸರ್ ಉಪಕರಣದಿಂದ ತಾಳೆ ನೋಡಿದೆವು. ಯಾವ ಗುರುತಿನಿಂದ ಮಟ್ಟ ಹಿಡಿದದ್ದು ಎಂದು ಬದಿಯಲ್ಲಿ ಬರೆದಿದ್ದ ಕಾರಣ ಮಾತ್ರ ಅದು ಸಾಧ್ಯವಾಯಿತು.

ಆ ಕೊಳವೆಗಳ ಮೇಲೆ ಇತಿಹಾಸ ಏನೆಲ್ಲ ನಡೆಸಿತು ಎಂಬುದನ್ನು ನೆನೆದರೆ ಈಗಲೂ ಮೈ ನವಿರೇಳುತ್ತದೆ. 1961ರ ಆಗಸ್ಟ್ 13ರಂದು ನಗರದ ನಡುವೆ ತಂತಿ ಬಿಗಿದರು, ಆಮೇಲೆ ಗೋಡೆ ಎದ್ದಿತು. 1989ರ ನವೆಂಬರ್ 9ರವರೆಗೆ ಅದು ನಿಂತಿತ್ತು. ಬೀದಿಗಳು, ಕುಟುಂಬಗಳು ಎರಡಾದವು. ಪಶ್ಚಿಮದ ಸುರಂಗ ರೈಲುಗಳು ಪೂರ್ವದ ನಿಲ್ದಾಣಗಳನ್ನು ನಿಲ್ಲದೆ ದಾಟಿ ಹೋಗುತ್ತಿದ್ದವು. ಆದರೆ ಒಳಚರಂಡಿಯನ್ನು ಹಾಗೆ ಎರಡು ಮಾಡಲು ಆಗಲಿಲ್ಲ. ಗಡಿ ದಾಟುವ ಕಾಲುವೆಗಳಲ್ಲಿ ಜನ ನುಸುಳದಂತೆ ಕಬ್ಬಿಣದ ಜಾಲರಿ ಹಾಕಿದರು. ನೀರು ಮಾತ್ರ ಹರಿಯುತ್ತಲೇ ಇತ್ತು, ಮತ್ತು ಪಶ್ಚಿಮ ಬರ್ಲಿನ್ ತನ್ನ ಹೊಲಸು ನೀರಿನ ವಿಲೇವಾರಿಗೆ ಪೂರ್ವ ಜರ್ಮನಿಗೆ ಹಣ ಕೊಡುತ್ತಿತ್ತು. ಗೋಡೆಯ ಎರಡು ಬದಿಯ ಎಂಜಿನಿಯರುಗಳೂ ಒಂದೇ ಮೂಲದ ಹಳೆಯ ನಕ್ಷೆಗಳನ್ನು ನೆಚ್ಚಿಕೊಳ್ಳಬೇಕಾಗಿತ್ತು. ಗೋಡೆಯ ಪಟ್ಟಿಯಿದ್ದ ಒಂದು ಜಾಗ ಈಗ ಮೌವರ್‌ಪಾರ್ಕ್ ಎಂಬ ಉದ್ಯಾನ. ಅದರ ಕೆಳಗೆ 650 ಮೀಟರಿಗೂ ಹೆಚ್ಚು ಉದ್ದದ, ಸುಮಾರು 7,400 ಘನ ಮೀಟರ್ ನೀರು ಹಿಡಿಯುವ ಕೊಳವೆಯನ್ನು ಇತ್ತೀಚಿನ ವರ್ಷಗಳಲ್ಲಿ ಕಟ್ಟಿದ್ದಾರೆ. ಬಿರುಮಳೆಯ ನೀರನ್ನು ಅಲ್ಲಿ ತಡೆದಿಟ್ಟು, ಮಳೆ ನಿಂತ ಮೇಲೆ ಶುದ್ಧೀಕರಣ ಘಟಕಕ್ಕೆ ಕಳಿಸುತ್ತಾರೆ. ಭಾನುವಾರ ಆ ಹುಲ್ಲಿನ ಮೇಲೆ ಜನ ಹಾಡುತ್ತ ಕುಣಿಯುತ್ತ ಇರುವುದನ್ನು ಕಂಡಾಗಲೆಲ್ಲ, ಕೆಳಗೆ ಖಾಲಿಯಾಗಿ ಕಾದಿರುವ ಆ ಕೊಳವೆ ನನ್ನ ಕಣ್ಣ ಮುಂದೆ ಬರುತ್ತಿತ್ತು.

ಜೂನ್ ಕೊನೆಯ ಒಂದು ಸಂಜೆ ಅಂತಹ ಮಳೆ ಬಂತು. ಆ ದಿನಗಳಲ್ಲಿ ರಾತ್ರಿ ಒಂಬತ್ತೂವರೆಯವರೆಗೆ ಬೆಳಕು ಇರುತ್ತದೆ. ಮಳೆ ನಿಂತ ಮೇಲೆ ಲಾಂಡ್‌ವೇರ್ ಕಾಲುವೆಯ ದಂಡೆಗೆ ಹೋದೆ. ನಾನು ಆಷಾಢದ ತೋಡು ಕೆಂಪಾಗಿ ಉಕ್ಕುವುದನ್ನು ನೋಡುತ್ತ ಬೆಳೆದವಳು. ಅದಕ್ಕೆ ಹೋಲಿಸಿದರೆ ಈ ನೀರು ಏನೂ ಅಲ್ಲ. ಆದರೆ ನಮ್ಮ ತೋಡಿನ ಕೆಂಪು ಮಣ್ಣಿನದು, ಇಲ್ಲಿನ ಬೂದು ಬಣ್ಣಕ್ಕೆ ವಾಸನೆ ಇತ್ತು. ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ಯಾರೂ ಕೇಳುವ ಮೊದಲೇ, ಎಲ್ಲಿ ನಿಂತಿದ್ದೆ, ಎಷ್ಟು ಗಂಟೆಗೆ, ಏನು ಕಂಡೆ ಎಂದು ಬರೆದು ಕಡತಕ್ಕೆ ಸೇರಿಸಿದೆ. ಮಾರ್ಗದರ್ಶಕಿ ಓದಿ ಸಹಿ ಹಾಕಿದರು. ಅವರಿಂದ ಬಂದ ಹೊಗಳಿಕೆ ಎಂದರೆ ಆ ಸಹಿ, ಮತ್ತು ನನಗೆ ಅದು ಸಾಕಾಗಿತ್ತು.

ಅವರನ್ನು ಕುರಿತು ಇನ್ನೊಂದು ಮಾತು. ಮೊದಲ ದಿನವೇ ಅವರು ತಮ್ಮನ್ನು ಬರಿಯ ಹೆಸರಿನಿಂದ ಕರೆಯಬೇಕೆಂದೂ, ಏಕವಚನದಲ್ಲೇ ಮಾತಾಡಿಸಬೇಕೆಂದೂ ಹೇಳಿದ್ದರು. ಜರ್ಮನ್ ಭಾಷೆಯಲ್ಲಿ ನಮ್ಮ ಹಾಗೆಯೇ ‘ನೀನು’ ಮತ್ತು ‘ನೀವು’ ಬೇರೆ ಬೇರೆ ಇವೆ. ಮನೆಯಲ್ಲಿ ಹಿರಿಯರಿಗೆ ತುಳುವಿನಲ್ಲಿ ‘ಈರ್’ ಎಂದೇ ಬಾಯಿ ರೂಢಿಯಾದವಳಿಗೆ, ಅಮ್ಮನಿಗಿಂತ ಹಿರಿಯರನ್ನು ‘ನೀನು’ ಎನ್ನಲು ಒಂದು ತಿಂಗಳು ನಾಲಗೆ ಏಳಲಿಲ್ಲ. ಆ ಏಕವಚನ ಸಲುಗೆಯದಲ್ಲ ಎಂದು ಆಮೇಲೆ ಅರ್ಥವಾಯಿತು. ಅವರ ಲೆಕ್ಕದಲ್ಲಿ ಒಂದು ಗುಣಾಂಕ ಸರಿಯಿಲ್ಲವೆಂದು ಕಂಡಾಗ ನಾನು ಹೇಳಬೇಕು, ಅದಕ್ಕಾಗಿ ಆ ಏಕವಚನ. ಮೇ ತಿಂಗಳಲ್ಲಿ ಒಮ್ಮೆ ಹೇಳಿದೆ. ಅವರು ತಿದ್ದಿಕೊಂಡು, ತಿದ್ದುಪಡಿಯ ಎದುರು ನನ್ನ ಹೆಸರು ಬರೆದರು. ನಾವು ಬಹುವಚನ ಬಿಡಬೇಕೆಂದು ನಾನು ಹೇಳುತ್ತಿಲ್ಲ, ನಾನೂ ಬಿಡುವವಳಲ್ಲ. ಆದರೆ ಗೌರವ ಉಳಿಸಿಕೊಂಡೇ ಹಿರಿಯರ ಲೆಕ್ಕವನ್ನು ಪ್ರಶ್ನಿಸುವ ದಾರಿಯೊಂದನ್ನು ನಮ್ಮ ಕಚೇರಿಗಳಲ್ಲಿ ನಾವೇ ಹುಡುಕಿಕೊಳ್ಳಬೇಕು.

ಹೋಗುವವರಿಗೆ ನನ್ನ ಒತ್ತಾಯದ ಸಲಹೆ ಜರ್ಮನ್ ಕಲಿತು ಹೋಗಿ ಎಂಬುದೊಂದೇ. ಕಚೇರಿಯಲ್ಲಿ ಇಂಗ್ಲಿಷ್ ನಡೆಯುತ್ತದೆ. ಮ್ಯಾನ್‌ಹೋಲಿನ ಮುಚ್ಚಳ ತೆಗೆದು ಕೆಳಗಿಳಿಯುವ ಕೆಲಸಗಾರರ ಹತ್ತಿರ ನಡೆಯುವುದಿಲ್ಲ. ಯಾವ ಕಾಲುವೆ ಯಾವ ಮಳೆಗೆ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಅವರಿಗೆ ಗೊತ್ತು. ನನ್ನ ಅರೆಬರೆ ಭಾಷೆಯಿಂದ ಅವರ ಮಾತಿನಲ್ಲಿ ಅರ್ಧವನ್ನು ಕಳೆದುಕೊಂಡೆ. ಆ ನಷ್ಟ ನನಗೆ ಇಂದಿಗೂ ನೋಯುತ್ತದೆ. ಒಂಟಿತನವೂ ಇತ್ತು. ಫೆಬ್ರವರಿಯ ಚಳಿಯಲ್ಲಿ, ಅಂಗಡಿಗಳೆಲ್ಲ ಮುಚ್ಚಿರುವ ಭಾನುವಾರಗಳಂದು, ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯವರೆಗೆ ಒಂದು ಮಾತೂ ಆಡದೆ ಕಳೆದದ್ದುಂಟು. ಅಂತಹ ದಿನಗಳಲ್ಲಿ ಆ ಬೇಸರವನ್ನು ಮನೆಯವರಿಂದ ಮುಚ್ಚಿಡಬೇಡಿ.

ಆಗಸ್ಟಿನಲ್ಲಿ ಪುತ್ತೂರಿನ ಹತ್ತಿರದ ನಮ್ಮ ಮನೆಗೆ ಮರಳಿದೆ. ನಮ್ಮ ತೋಟದ ಮೇಲುಭಾಗದ ಗುಡ್ಡದಲ್ಲಿ ಹಿಂದೆ ಒಂದು ಮದಕ ಇತ್ತೆಂದು ಕೇಳಿದ್ದೆ. ಗುಡ್ಡದಿಂದ ಇಳಿಯುವ ನೀರನ್ನು ಒಂದು ಬದಿಗೆ ಮಣ್ಣಿನ ದಂಡೆ ಕಟ್ಟಿ ನಿಲ್ಲಿಸಿ ಇಂಗಿಸುವ ಮದಕಗಳು ನಮ್ಮ ಜಿಲ್ಲೆಯಲ್ಲೂ ಕಾಸರಗೋಡಿನಲ್ಲೂ ಎಷ್ಟೋ ಇದ್ದವು. ಕೆಳಗಿನ ಬಾವಿಗಳು ಬೇಸಗೆಯಲ್ಲಿ ಬತ್ತದಿರುವುದಕ್ಕೆ ಅವೇ ಆಧಾರ. ಬರ್ಲಿನ್ನಿನವರು ಈಗ ಚಾವಣಿ ಚಾವಣಿಗೂ ಅಂಗಳ ಅಂಗಳಕ್ಕೂ ಸಾಧಿಸಲು ಹೊರಟಿರುವ ಕೆಲಸ ಅದು. ನಮ್ಮ ಮದಕ ಎಷ್ಟು ದೊಡ್ಡದಿತ್ತು, ಯಾವಾಗ ಮುಚ್ಚಿಹೋಯಿತು ಎಂಬುದಕ್ಕೆ ಮನೆಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಅಜ್ಜನನ್ನು ಕೇಳಿದೆ. “ನಿನ್ನ ಅಜ್ಜಿ ಮದುವೆಯಾಗಿ ಬಂದ ವರ್ಷ ದಂಡೆ ಮೀರಿ ತುಂಬಿತ್ತು. ನಿನ್ನ ಅಪ್ಪ ಐದನೇ ಕ್ಲಾಸಿನಲ್ಲಿರುವಾಗ ಅದರಲ್ಲಿ ಸಸಿ ನೆಟ್ಟದ್ದು. ಆಚೆ ತುದಿಯ ಹಲಸಿನ ಮರದವರೆಗೆ ನೀರು ನಿಲ್ಲುತ್ತಿತ್ತು” ಎಂದರು.

ಅಜ್ಜನ ಅಳತೆಗೆ ತಾರೀಖು ಇತ್ತು, ಗುರುತೂ ಇತ್ತು. ಅಜ್ಜಿಯ ಮದುವೆ 1968, ಅಪ್ಪನ ಐದನೇ ಕ್ಲಾಸು 1981. ಹಲಸಿನ ಮರ ಈಗಲೂ ಇದೆ. ಅಲ್ಲಿಂದ ಹಳೆಯ ದಂಡೆಯ ಕುರುಹಿನವರೆಗೆ ಟೇಪು ಹಿಡಿದಾಗ 46 ಮೀಟರ್ ಬಂತು. ಎಂಬತ್ತೊಂದು ವರ್ಷದ ಅಜ್ಜನ ನೆನಪಿನಲ್ಲಿದ್ದುದನ್ನು ಹಾಳೆಗೆ ಇಳಿಸುವ ಹೊತ್ತಿಗೆ ನನ್ನ ಕೈ ನಡುಗುತ್ತಿತ್ತು. ಹೇಳಿದವರು ಎಂಬ ಕಡೆ ಅವರ ಹೆಸರು ಬರೆದು ಓದಿ ಹೇಳಿದಾಗ, ಇನ್ನೂ ಮೂರು ಮದಕಗಳ ಜಾಗ ಹೇಳುತ್ತೇನೆ, ನಾಳೆ ಬೆಳಿಗ್ಗೆ ಬಿಸಿಲೇರುವ ಮೊದಲು ಹೊರಡೋಣ ಎಂದರು.

ಅದೇ ತಿಂಗಳಿನಿಂದ ನಮ್ಮ ಬಾವಿಯ ನೀರಿನ ಮಟ್ಟವನ್ನು ಪ್ರತಿ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ, ಪಂಪು ಹಾಕುವ ಮೊದಲು ಅಳೆಯುತ್ತಿದ್ದೇವೆ. ಆ ಪುಸ್ತಕ ಈ ಮೇಜಿನ ಮೇಲಿದೆ. ಉಪನ್ಯಾಸ ಮುಗಿದ ಮೇಲೆ ತೆರೆದು ನೋಡಬಹುದು. ಟೇಪನ್ನು ಬಾವಿಕಟ್ಟೆಯ ಯಾವ ಕಲ್ಲಿನಿಂದ ಇಳಿಬಿಡಬೇಕು ಎಂಬುದನ್ನು ಮೊದಲ ಪುಟದಲ್ಲಿ ಚಿತ್ರ ಸಮೇತ ಬರೆದಿದೆ. ಕಳೆದ ಸೋಮವಾರ ನಾನು ಊರಲ್ಲಿರಲಿಲ್ಲ. ಆ ದಿನದ ಸಾಲು ಅಮ್ಮನ ಕೈಬರಹದಲ್ಲಿದೆ: ನೀರು ಕಲ್ಲಿನಿಂದ 4.85 ಮೀಟರ್ ಕೆಳಗೆ, ಹಿಂದಿನ ರಾತ್ರಿ ಮಳೆ ಇಲ್ಲ, ಟೇಪು ಹಳೆಯದು; ಕೊನೆಗೆ ಅವರ ಸಹಿ.